ಅಮ್ಮನ ಅಪ್ಪ, ಅಪ್ಪನ ಅಮ್ಮ: ನಾನು ರಿಲೇಶನ್, ಫಂಕ್ಷನ್ ಕಲಿತ ಬಗೆ

ಬಿಎಸ್ಸಿ ಮೊದಲ ಸೆಮಿಸ್ಟರಿನ ಮೊದಲ ಟೆಸ್ಟಿನಲ್ಲಿ ಒಂದು ಪ್ರಶ್ನೆ ಇತ್ತು: ಸಿಮೆಟ್ರಿಕ್ಕೂ ಟ್ರಾನ್ಸಿಟಿವ್ವೂ ಆದ ರಿಲೇಶನ್ ರಿಫ್ಲೆಕ್ಸಿವ್ ಆಗಿಯೇ ಇರಬೇಕೇ? ರಿಲೇಶನ್ ಅಂದರೆ ಒಂದು ಗಣದ ಅಂಶಗಳ ನಡುವಿನ ಸಂಬಂಧ, ಯಾರಿಗೆ ಯಾರ ಜೊತೆ ಅನ್ನುವ ಜೋಡಿಗಳ ಪಟ್ಟಿ. ಒಬ್ಬರಿಗೆ ಇನ್ನೊಬ್ಬರ ಜೊತೆ ಇದ್ದರೆ ತಿರುಗಿಯೂ ಇರುವುದು ಸಿಮೆಟ್ರಿಕ್. ಮೊದಲನೆಯವರಿಗೆ ಎರಡನೆಯವರ ಜೊತೆ, ಎರಡನೆಯವರಿಗೆ ಮೂರನೆಯವರ ಜೊತೆ ಇದ್ದರೆ ಮೊದಲನೆಯವರಿಗೆ ಮೂರನೆಯವರ ಜೊತೆಯೂ ಇರುವುದು ಟ್ರಾನ್ಸಿಟಿವ್. ಪ್ರತಿಯೊಬ್ಬರಿಗೂ ತಮ್ಮ ಜೊತೆಯೇ ಇರುವುದು ರಿಫ್ಲೆಕ್ಸಿವ್. ನಾನು ಹೌದು ಅಂತ ಬರೆದು ಸಾಧನೆಯನ್ನೂ ಕೊಟ್ಟೆ. 'ಕ'ಗೆ 'ಖ' ಜೊತೆ ಸಂಬಂಧ ಇದೆ. ಸಿಮೆಟ್ರಿಕ್ ಆದ್ದರಿಂದ 'ಖ'ಗೆ 'ಕ' ಜೊತೆ ಇದೆ. ಟ್ರಾನ್ಸಿಟಿವ್ ಆದ್ದರಿಂದ 'ಕ'ಗೆ 'ಕ' ಜೊತೆಯೇ ಇದೆ. ಮುಗಿಯಿತು. ಆ ಪ್ರಶ್ನೆಗೆ ಸೊನ್ನೆ ಬಂತು.

ಎಲ್ಲಿ ತಪ್ಪಿದೆ ಎಂದು ಎರಡು ದಿನ ಹುಡುಕಿದೆ. ಪುಸ್ತಕದಲ್ಲಿ ಶೂನ್ಯ ಗಣದ ಉದಾಹರಣೆ ಕೊಟ್ಟಿದ್ದರು: ಯಾವ ಜೋಡಿಯೂ ಇಲ್ಲದ ರಿಲೇಶನ್. ಅದು ಸರಿಯೇ, ಆದರೆ ನನ್ನ ಮೂರು ಸಾಲಿನಲ್ಲಿ ಯಾವ ಸಾಲು ಸುಳ್ಳು ಅಂತ ಅದು ಹೇಳಲಿಲ್ಲ. ಉತ್ತರ ಸಿಕ್ಕಿದ್ದು ಮನೆಯಲ್ಲಿ. ನಮ್ಮ ಮನೆಯವರೆಲ್ಲರ ಗಣ ತೆಗೆದುಕೊಂಡು, 'ಈಗ ಒಂದೇ ಶಾಲೆಯಲ್ಲಿ ಓದುತ್ತಿದ್ದಾರೆ' ಅನ್ನುವ ಸಂಬಂಧ ಬರೆದೆ. ನನ್ನ ತಮ್ಮ, ತಂಗಿ ಇಬ್ಬರೂ ಊರಿನ ಶಾಲೆಯಲ್ಲಿದ್ದರು. ಅವರಿಬ್ಬರ ನಡುವೆ ಎಲ್ಲ ಸರಿಹೋಗುತ್ತದೆ. ಅಜ್ಜಿ? ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. 'ಅಜ್ಜಿಯೂ ಅಜ್ಜಿಯೂ ಒಂದೇ ಶಾಲೆಯಲ್ಲಿ ಓದುತ್ತಿದ್ದಾರೆ' ಅನ್ನುವ ಮಾತು ಸುಳ್ಳು. ಆಗ ಹೊಳೆಯಿತು. 'ಕ'ಗೆ ಯಾರೋ ಒಬ್ಬ 'ಖ' ಸಿಕ್ಕೇ ಸಿಗುತ್ತಾನೆ ಎಂದು ನಾನು ಮೊದಲ ಸಾಲಿನಲ್ಲೇ ಊಹಿಸಿಬಿಟ್ಟಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬೇರೆಬೇರೆ ತಲೆಬರಹ ಹಾಕಿಸುತ್ತಿದ್ದರಲ್ಲ, ಆ ಶಿಸ್ತನ್ನು ಕಾಲೇಜಿಗೆ ಬಂದ ಮೇಲೆ ಬಿಟ್ಟಿದ್ದೆ. 'ಖ' ಇದ್ದಾನೆ ಅನ್ನುವುದು ದತ್ತದಲ್ಲಿ ಇರಲೇ ಇಲ್ಲ.

ಅಂದಿನಿಂದ ನೆಂಟಸ್ತಿಕೆಯ ಒಂದು ನೋಟ್‌ಬುಕ್ ಶುರುಮಾಡಿದೆ. ಹೊಸ ವ್ಯಾಖ್ಯೆ ಬಂದಾಗಲೆಲ್ಲ ಅದರಲ್ಲಿ ಪರೀಕ್ಷೆ. 'ಒಡಹುಟ್ಟಿದವರು' ಟ್ರಾನ್ಸಿಟಿವ್ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನೂ ಹಾಗೇ ಬರೆದಿದ್ದೆ. ಆದರೆ ನಾನು ತಮ್ಮನ ಒಡಹುಟ್ಟಿದವಳು, ತಮ್ಮ ನನ್ನ ಒಡಹುಟ್ಟಿದವನು. ಟ್ರಾನ್ಸಿಟಿವ್ ಆಗಿದ್ದರೆ ನಾನು ನನಗೇ ಒಡಹುಟ್ಟಿದವಳಾಗಬೇಕು. ವ್ಯಾಖ್ಯೆಯಲ್ಲಿ ಮೂರೂ ಬೇರೆಬೇರೆ ವ್ಯಕ್ತಿಗಳಾಗಿರಬೇಕು ಎಂದು ಎಲ್ಲೂ ಹೇಳಿಲ್ಲ. ಇದನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ಫಂಕ್ಷನ್, ಅಂದರೆ ಪ್ರತಿಯೊಂದು ಅಂಶಕ್ಕೂ ಸರಿಯಾಗಿ ಒಂದೇ ಉತ್ತರ ಕೊಡುವ ಸಂಬಂಧ, ಅದೂ ಅಲ್ಲೇ ಬಿಡಿಸಿಕೊಂಡಿತು. 'ಹೆತ್ತ ತಾಯಿ' ಫಂಕ್ಷನ್: ಪ್ರತಿಯೊಬ್ಬರಿಗೂ ಇದ್ದಾಳೆ, ಒಬ್ಬಳೇ ಇದ್ದಾಳೆ. 'ಅಕ್ಕ' ಫಂಕ್ಷನ್ ಅಲ್ಲ, ಅದೂ ಎರಡು ಕಾರಣಕ್ಕೆ. ಕೆಲವರಿಗೆ ಅಕ್ಕ ಇಲ್ಲ, ಕೆಲವರಿಗೆ ಇಬ್ಬರು. ಈ ಎರಡು ಸೋಲುಗಳನ್ನು ಬೇರೆಬೇರೆಯಾಗಿ ಹೆಸರಿಸುವುದು ಮುಖ್ಯ, ವಿದ್ಯಾರ್ಥಿಗಳು ಎರಡನ್ನೂ ಕಲಸಿಬಿಡುತ್ತಾರೆ. ತಾಯಿ ಒನ್-ಒನ್ (ಬೇರೆಬೇರೆಯವರಿಗೆ ಬೇರೆಬೇರೆ ಉತ್ತರ) ಅಲ್ಲ, ನನಗೂ ತಮ್ಮನಿಗೂ ಒಬ್ಬಳೇ. ಆನ್‌ಟು (ಪ್ರತಿಯೊಬ್ಬರೂ ಯಾರಿಗಾದರೂ ಉತ್ತರವಾಗುವುದು) ಕೂಡ ಅಲ್ಲ, ತಮ್ಮ ಯಾರಿಗೂ ತಾಯಿಯಲ್ಲ.

ನನಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ಕಾಂಪೊಸಿಷನ್, ಅಂದರೆ ಒಂದು ಫಂಕ್ಷನ್ನಿನ ಉತ್ತರಕ್ಕೆ ಇನ್ನೊಂದನ್ನು ಹಚ್ಚುವುದು. ಎಫ್ ಅಂದರೆ ಅಮ್ಮ, ಜಿ ಅಂದರೆ ಅಪ್ಪ ಎಂದಿಟ್ಟುಕೊಳ್ಳಿ. 'ನನ್ನ ಅಮ್ಮನ ಅಪ್ಪ' ಅನ್ನುವಾಗ ಕನ್ನಡ ನಡೆಯುವ ದಾರಿ ನೋಡಿ: ಮೊದಲು ನಾನು, ಆಮೇಲೆ ಅಮ್ಮ, ಕೊನೆಗೆ ಅಪ್ಪ. ಕೆಲಸ ನಡೆಯುವ ಕ್ರಮದಲ್ಲೇ ಮಾತೂ ಬರುತ್ತದೆ. ಬೋರ್ಡಿನ ಮೇಲೆ ಮಾತ್ರ ಅದು ಜಿ∘ಎಫ್, ಮೊದಲು ಆಗುವ ಎಫ್ ಬಲಗಡೆ. ಇಂಗ್ಲಿಷಿನಲ್ಲಿ 'ಫಾದರ್ ಆಫ್ ಮದರ್ ಆಫ್' ಎನ್ನುವವರಿಗೆ ಬರಹವೂ ಮಾತೂ ಒಂದೇ ದಿಕ್ಕಿನಲ್ಲಿವೆ, ನಮಗೆ ಎದುರುಬದುರು. ನಾನು ತಲೆಕೆಳಗು ಬರೆಯುತ್ತಿದ್ದದ್ದು ದಡ್ಡತನದಿಂದ ಅಲ್ಲ ಎಂದು ತಿಳಿದ ದಿನ ದೊಡ್ಡ ಸಮಾಧಾನ. ಬೀಜಗಣಿತದ ಕೆಲವು ಪುಸ್ತಕಗಳು ಫಂಕ್ಷನ್ನನ್ನು ಅಂಶದ ಬಲಗಡೆಗೇ ಬರೆಯುತ್ತವೆ, ಕನ್ನಡದ ಹಾಗೆ ಎಡದಿಂದ ಓದಿಕೊಂಡು ಹೋಗಬಹುದು. ಈಗ ನಾನು ಪಾಠ ಮಾಡುವಾಗ ಜಿ∘ಎಫ್ ಕಂಡರೆ 'ಎಫ್ ಆದ ಮೇಲೆ ಜಿ' ಎಂದು ಗಟ್ಟಿಯಾಗಿ ಓದಿಸುತ್ತೇನೆ. ಅಮ್ಮನ ಅಪ್ಪನೂ ಅಪ್ಪನ ಅಮ್ಮನೂ ಒಬ್ಬರೇ ಅಲ್ಲ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಕ್ರಮ ಬದಲಿಸಿದರೆ ಫಂಕ್ಷನ್ ಬದಲಾಗುತ್ತದೆ ಅನ್ನುವುದು ಅಲ್ಲಿಗೆ ಮುಗಿಯಿತು.

ಇನ್ನೊಂದು ಕೆಲಸವನ್ನು ಎಲ್ಲರಿಗೂ ಹೇಳುತ್ತೇನೆ: ಚಿಕ್ಕ ಗಣ ತೆಗೆದುಕೊಂಡು ಕೈಯಾರೆ ಎಣಿಸಿ. 3 ಅಂಶಗಳ ಗಣದ ಮೇಲೆ 9 ಜೋಡಿಗಳು. ಪ್ರತಿಯೊಂದೂ ಇರಬಹುದು, ಇಲ್ಲದಿರಬಹುದು. ಒಟ್ಟು 512 ರಿಲೇಶನ್‌ಗಳು. ಅವುಗಳಲ್ಲಿ ಫಂಕ್ಷನ್ 27 ಮಾತ್ರ. ರಿಫ್ಲೆಕ್ಸಿವ್ ಮತ್ತು ಸಿಮೆಟ್ರಿಕ್ ಎರಡೂ ಆದವು 8. ಒಂದು ಭಾನುವಾರ ಆ 8 ಚಿತ್ರಗಳನ್ನೂ ಬಿಡಿಸಿದೆ, ಮೂರು ಚುಕ್ಕಿ, ನಡುವೆ ಗೆರೆಗಳು. ಸರಿಯಾಗಿ ಎರಡೇ ಗೆರೆ ಇರುವ 3 ಚಿತ್ರಗಳು ಟ್ರಾನ್ಸಿಟಿವ್ ಆಗುವುದಿಲ್ಲ. ಉಳಿದ 5 ಈಕ್ವಿವಲೆನ್ಸ್ ರಿಲೇಶನ್‌ಗಳು, ಅಂದರೆ ಮೂರೂ ಗುಣ ಇರುವಂಥವು. ಮೂವರನ್ನು ಕೋಣೆಗಳಿಗೆ ಹಂಚುವುದೂ 5 ಬಗೆ: ಎಲ್ಲರೂ ಬೇರೆ, ಇಬ್ಬರು ಜೊತೆ ಒಬ್ಬ ಬೇರೆ (ಇದು 3 ಬಗೆ), ಎಲ್ಲರೂ ಒಟ್ಟಿಗೆ. ಈಕ್ವಿವಲೆನ್ಸ್ ರಿಲೇಶನ್ ಎಂದರೆ ಗಣವನ್ನು ಪಾಲು ಮಾಡುವುದೇ ಅನ್ನುವ ಪ್ರಮೇಯವನ್ನು ಬಾಯಿಪಾಠ ಮಾಡಿದ್ದೆ, ಅದು ಕಣ್ಣಿಗೆ ಬಿದ್ದದ್ದು ಆ ಹಾಳೆಯ ಮೇಲೆ. 4 ಅಂಶಗಳಿಗೆ 15 ಬರುತ್ತವೆ. ಅದನ್ನೂ ಬಿಡಿಸಿ ನೋಡಿ, ಒಂದು ಗಂಟೆ ಸಾಕು.

ಈಗ ನನ್ನ ತರಗತಿಯಲ್ಲಿ ಮಕ್ಕಳು ಎಡವುವುದು 'ವೆಲ್ ಡಿಫೈನ್ಡ್' ಅನ್ನುವ ಮಾತಿಗೆ: ವರ್ಗದಿಂದ ಯಾವ ಸದಸ್ಯನನ್ನು ಆರಿಸಿದರೂ ಉತ್ತರ ಒಂದೇ ಬರಬೇಕು ಅನ್ನುವುದು. ಪೂರ್ಣಾಂಕಗಳನ್ನು 7ರ ಶೇಷದಂತೆ ಏಳು ವರ್ಗ ಮಾಡಿ, ವಾರದ ದಿನಗಳ ಹಾಗೆ. ಇವತ್ತಿನಿಂದ 1 ದಿನಕ್ಕೆ ಬರುವ ವಾರವೇ 8 ದಿನಕ್ಕೂ ಬರುತ್ತದೆ, ಹಾಗಾಗಿ 1 ಮತ್ತು 8 ಒಂದೇ ವರ್ಗ. ಕೂಡಿಸಿದರೆ, ಗುಣಿಸಿದರೆ ಯಾವ ತೊಂದರೆಯೂ ಇಲ್ಲ. ಹೋದ ವರ್ಷ ಬೋರ್ಡಿನ ಮೇಲೆ ಒಂದು ನಿಯಮ ಬರೆದೆ: ಒಂದು ವರ್ಗದಿಂದ ಧನ ಸಂಖ್ಯೆಯೊಂದನ್ನು ಆರಿಸಿ, 2ನ್ನು ಆ ಘಾತಕ್ಕೆ ಏರಿಸಿ, 7ರಿಂದ ಭಾಗಿಸಿ ಶೇಷ ತೆಗೆಯಿರಿ. ಇದು ಫಂಕ್ಷನ್ ಹೌದೋ ಅಲ್ಲವೋ? 1 ಆರಿಸಿದವರಿಗೆ 2 ಬಂತು. 8 ಆರಿಸಿದವರಿಗೆ 256, ಶೇಷ 4. ಒಂದೇ ವರ್ಗಕ್ಕೆ ಎರಡು ಉತ್ತರ. ಇಬ್ಬರಲ್ಲಿ ಯಾರೋ ಲೆಕ್ಕ ತಪ್ಪಿದ್ದಾರೆ ಎಂದು ತರಗತಿಯಲ್ಲಿ ಗಲಾಟೆ. ಯಾರೂ ತಪ್ಪಿರಲಿಲ್ಲ, ನಿಯಮವೇ ನಿಲ್ಲುವುದಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸುಮ್ಮನೆ ಬರೆಯುತ್ತಲೇ ಇದ್ದಳು. ಗಂಟೆ ಹೊಡೆದ ಮೇಲೆ ನೋಟ್‌ಬುಕ್ ತಂದು ತೋರಿಸಿದಳು, ಘಾತ 1ರಿಂದ 8ರವರೆಗಿನ ಶೇಷಗಳು: 2, 4, 1, 2, 4, 1, 2, 4. "ಮೇಡಂ, ಘಾತದಲ್ಲಿರೋ ಸಂಖ್ಯೆಯನ್ನ 7ರಿಂದ ಭಾಗಿಸಬಾರದು, 3ರಿಂದ ಭಾಗಿಸಬೇಕು. ಮೂರೇ ವರ್ಗ ಮಾಡಿದರೆ ಇದು ಫಂಕ್ಷನ್ ಆಗತ್ತೆ."