ಗುರುವಾರದ ಗಲ್ಲಿ ಸಭೆ: ನನ್ನ ಅನುಭವ

ಗಲ್ಲಿಯವರೆಲ್ಲ ಸೇರಿ ನೀರು, ದೀಪ, ಗಟಾರಿನ ಕೆಲಸ ತೀರ್ಮಾನಿಸುವ ಗಲ್ಲಿ ಸಭೆ ಪುಣೆಯಲ್ಲಿ ನಡೆಯೋದಿಲ್ಲ ಅಂತ ನನಗೆ ಹೇಳದವರಿಲ್ಲ. 2022ರ ಮಾರ್ಚಿನಲ್ಲಿ ಪಾಲಿಕೆ ಸದಸ್ಯರ (ಇಲ್ಲಿ ನಗರಸೇವಕ ಅಂತಾರೆ) ಅವಧಿ ಮುಗಿದು ಸರ್ಕಾರ ನೇಮಿಸಿದ ಪ್ರಶಾಸಕರ ಆಡಳಿತ ಬಂದ ಮೇಲಂತೂ, "ನಗರಸೇವಕನೇ ಇಲ್ಲ, ಸಭಾ ಯಾರ ಮುಂದ ಮಾಡ್ತೀರಿ ಕಾಕಾ?" ಅಂತ ನಮ್ಮ ಸೊಸೈಟಿ (ಅಪಾರ್ಟ್‌ಮೆಂಟ್) ಹುಡುಗರೇ ನಕ್ಕರು. ಈಗ ಪಕ್ಕದ ಗಲ್ಲಿಯವರು ಹೇಗೆ ಮಾಡಿದಿರಿ ಅಂತ ಕೇಳಿಕೊಂಡು ಬರ್ತಿದ್ದಾರೆ, ಅದಕ್ಕೇ ಈ ಬರಹ. ನಗರಾಡಳಿತದ ಬಗೆಗಿನ ಸಂವಿಧಾನದ 74ನೇ ತಿದ್ದುಪಡಿ, ವಾರ್ಡ್ ಸಮಿತಿ, ಕ್ಷೇತ್ರಸಭೆ (ಮತದಾರರ ಸಭೆ) ಇವುಗಳ ಕಾನೂನು ಬೇರೆಯೇ ಕಥೆ. ಅದನ್ನು ಬಿಡ್ತೀನಿ.

ನಮ್ಮದು ಊರಂಚು. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರಲ್ಲ, ಅಂಥ ಕಡೆ. ಗಲ್ಲಿಯ ಮೇಲ್ತುದಿಯಲ್ಲಿ ಸೊಸೈಟಿಗಳು, ಕೆಳಗೆ ವಿಜಯಪುರ, ಕಲಬುರಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರ ಪತ್ರಾಸಿನ (ತಗಡಿನ) ಮನೆಗಳು.

ಮೊದಮೊದಲು ದೊಡ್ಡವರ ಥರ ಮಾಡಿದೆವು. ಭಾನುವಾರ ಸಂಜೆ, ಬಾಡಿಗೆ ಹಾಲ್, ಕುರ್ಚಿ, ಮೈಕು, ಫ್ಲೆಕ್ಸು. ಒಂದೊಂದು ಸಭೆಗೆ ನಾಲ್ಕು ಸಾವಿರದ ಆಸುಪಾಸು. ಬಂದವರು ಮೂವತ್ತೋ ನಲವತ್ತೋ, ಎಲ್ಲ ಮೇಲ್ತುದಿಯವರೇ. ಪಾರ್ಕಿಂಗ್ ವಿಷಯ ಬಂತೋ, ಮುಗಿಯಿತು. ಉಳಿದ ಎರಡು ತಾಸು ಯಾರ ಕಾರು ಯಾರ ಗೇಟಿಗೆ ಅನ್ನೋದೇ. ಒಂದು ಸಲ ಒಂದು ಪಕ್ಷದ ಕಾರ್ಯಕರ್ತ ಮೈಕು ಹಿಡಿದವನು ಬಿಡಲೇ ಇಲ್ಲ, ಮರುದಿನ ಅವನದೇ ಫೋಟೋ ಎಲ್ಲ ಕಡೆ. ಹೀಗೆ ಹದಿನೈದು ಸಾವಿರದಷ್ಟು ಕೈಬಿಟ್ಟಿತು, ಒಂದು ದೀಪವೂ ಹತ್ತಲಿಲ್ಲ. ನಮ್ಮ ಖಜಾಂಚಿ, ಬ್ಯಾಂಕಿನಿಂದ ನಿವೃತ್ತರಾದ ಮಾಮಾ, ಇನ್ನು ಒಂದು ರೂಪಾಯಿನೂ ಕೊಡೋದಿಲ್ಲ ಅಂತ ಡಬ್ಬಿ ಮುಚ್ಚಿಬಿಟ್ಟರು.

ಆಗ ದಿನ ಬದಲಿಸಿದೆ. ಗುರುವಾರ ಚಿಂಚವಡ, ಭೋಸರಿ ಕಡೆ ಕಾರ್ಖಾನೆಗಳಿಗೆ ರಜೆ. ಪುಣೆಯಲ್ಲಿ ರಿಪೇರಿಗೆಂದು ನೀರು ಬಂದ್ ಆಗುವುದೂ ಹೆಚ್ಚಾಗಿ ಗುರುವಾರವೇ. ಕೊಡ ಖಾಲಿ ಇದ್ದ ದಿನ ಹೆಣ್ಣುಮಕ್ಕಳನ್ನು ಸಭೆಗೆ ಕರೆಯಬೇಕಾಗಿಲ್ಲ, ತಾವೇ ಬರ್ತಾರೆ! ಹಾಲ್ ಬಿಟ್ಟು ಬೀದಿ ದೀಪದ ಕೆಳಗೆ, ನಿಂತುಕೊಂಡೇ, ಮುಕ್ಕಾಲು ತಾಸು. ನಿಂತವರು ಭಾಷಣ ಮಾಡೋದಿಲ್ಲ, ಕಾಲು ನೋಯುತ್ತೆ. ಫ್ಲೆಕ್ಸಿನ ಬದಲು ಗಣಪತಿ ಮಂಡಳದ ಕರಿಹಲಗೆ. ಸೀಮೆಸುಣ್ಣದಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಖರ್ಚು ಅಂದರೆ ಚಹಾ, ಐದಾರು ನೂರು. ಮಾಮಾ ಡಬ್ಬಿ ತೆಗೆದರು.

ಯಾವ ಕೆಲಸ ಮೊದಲು? ವಾಟ್ಸಾಪಿನಲ್ಲಿ ಮತ ಹಾಕಿಸಿ ನೋಡಿದ್ದೆವು. ಓದುಬರಹ ಬಾರದ ಕೆಳಗಿನವರು ಹೊರಗೇ ಉಳಿದರು, ಮತ್ತೆ ಪಾರ್ಕಿಂಗೇ ಗೆದ್ದಿತು. ನಾನು ಹುಣಸೆಬೀಜ ತಂದೆ. ತಲೆಗೆ ಮೂರು ಬೀಜ, ಎದುರಿಗೆ ಮೂರು ಡಬ್ಬಿ: ಒಂದರ ಮೇಲೆ ನಲ್ಲಿ, ಒಂದರ ಮೇಲೆ ದೀಪ, ಇನ್ನೊಂದರ ಮೇಲೆ ಗಟಾರಿನ ಚಿತ್ರ. ಮೂರನ್ನೂ ಒಂದರಲ್ಲೇ ಹಾಕಬಹುದು. ಇಂಡಿ ಕಡೆಯ ಒಬ್ಬ ಅವ್ವ ಮೂರೂ ಬೀಜ ನೀರಿಗೆ ಸುರಿದು, "ದೀಪ ಹತ್ತಿದ್ರ ಖಾಲಿ ಕೊಡ ಚೊಲೋ ಕಾಣ್ತಾವೇನ್ರಿ?" ಅಂದಳು. ನೀರೇ ಗೆದ್ದಿತು.

ಮುಂದಿನದು ಬಕೆಟ್ಟಿನ ಕೆಲಸ. ನೀರು ಕಡಿಮೆ ಅಂತ ಅರ್ಜಿ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳೋದಿಲ್ಲ. 20 ಲೀಟರಿನ ಒಂದೇ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಮನೆ ಮನೆಗೆ ನಡೆದೆವು. ಮೇಲೆ ಒಂದು ನಿಮಿಷದ ಒಳಗೆ ತುಂಬಿತು. ಕೆಳಗೆ ನಾಲ್ಕು ನಿಮಿಷ ದಾಟಿದರೂ ಅಂಚು ಮುಟ್ಟಲಿಲ್ಲ. ಅದೇ ಬಕೆಟ್ಟನ್ನು ಜೂನಿಯರ್ ಇಂಜಿನಿಯರರ ಕೈಯಲ್ಲಿ ಹಿಡಿಸಿದೆವು. ಅವರನ್ನು ಗಲ್ಲಿಗೆ ಕರೆತಂದದ್ದು ಹೇಗೆ ಅನ್ನೋದನ್ನು ಬರೆಯೋದಿಲ್ಲ, ಬರೆದರೆ ಮುಂದಿನ ಸಲ ಬರಲಾರರು. ನೋಡಿದರೆ ವಾಲ್ವ್ ಅರ್ಧವೇ ತೆರೆದಿತ್ತು. ಕೀಲಿ ನಾಲ್ಕಾರು ಸುತ್ತು ತಿರುಗಿತು, ಪೈಸೆ ಖರ್ಚಿಲ್ಲ.

ದೀಪಕ್ಕೂ ಗಟಾರಿನ ಮುಚ್ಚಳಕ್ಕೂ ಮಾತ್ರ ದುಡ್ಡು ಬೇಕು. ಅದಕ್ಕೆ ಹಿಡಿದದ್ದು ಪಾಲಿಕೆ ಬಜೆಟ್ಟಿನಲ್ಲಿ ನಾಗರಿಕರೇ ಕೆಲಸ ಸೂಚಿಸುವ ಫಾರ್ಮು. 2006ರಿಂದ ಇದೆ, ಒಂದು ಕೆಲಸಕ್ಕೆ 5 ಲಕ್ಷದ ಮಿತಿ. ಹೆಚ್ಚಿನವರು "ರಸ್ತೆ ಸುಧಾರಣೆ" ಅಂತ ಗೀಚಿ ಕೊಡ್ತಾರೆ, ಅದು ಅಲ್ಲೇ ಸಾಯುತ್ತೆ. ನಾವು ಟೇಪು ಹಿಡಿದು ಅಳೆದು, ಇಂಥ ಕಂಬದಿಂದ ಇಂಥ ಅಂಗಡಿವರೆಗೆ ಇಷ್ಟು ಮೀಟರ್ ಅಂತ ಬರೆದು, ನಕ್ಷೆ, ಫೋಟೋ ಹಚ್ಚಿ, ಸಭೆಯಲ್ಲೇ ಸಹಿ ಹಾಕಿಸಿದೆವು. ಹೆಬ್ಬೆಟ್ಟೂ ಇದ್ದವು. ಸಹಿಯ ಹಾಳೆಯಲ್ಲಿ ಇನ್ನೊಂದು ಕಿತಾಪತಿ ಇದೆ, ಅದನ್ನು ಎದುರಾಬದುರು ಸಿಕ್ಕಾಗ ಹೇಳ್ತೀನಿ.

ಕೊಟ್ಟು ಸುಮ್ಮನೆ ಕೂರಲಿಲ್ಲ. ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಕಡತ ನೋಡಲು ಆಗ ನಾಗರಿಕರಿಗೆ ಅವಕಾಶವಿತ್ತು, ಹೋಗಿ ಕೂತೆವು. ನಮ್ಮ ಫಾರ್ಮು ಬೇರೆ ಪ್ರಭಾಗದ (ವಾರ್ಡಿನ) ಕಟ್ಟಿನಲ್ಲಿ ಸಿಕ್ಕಿತ್ತು! ಕಡತದ ನಕಲು ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಮಹಾರಾಷ್ಟ್ರದಲ್ಲಿ ಅರ್ಜಿಗೆ 150 ಶಬ್ದದ ಮಿತಿ ಇದೆ, ಪುರಾಣ ಬರೆಯಬೇಡಿ.

ದೀಪಗಳು ಬಂದವು. ಗಟಾರಿನ ಮುಚ್ಚಳ ಮುಕ್ಕಾಲು ಪಾಲು ಆಗಿದೆ. ಗುತ್ತಿಗೆದಾರ ಕೊನೆಯ ಹತ್ತು ಮೀಟರು ಬಿಟ್ಟು ಹೋಗಿದ್ದಾನೆ, ಬಿಲ್ಲಿನಲ್ಲಿ ಅದೂ ಸೇರಿದೆಯೋ ಏನೋ. ಆದ ಕೆಲಸದ ಅಳತೆ ಬರೆದಿಡುವ ಪಾಲಿಕೆಯ ಅಳತೆ ಪುಸ್ತಕ ಕೇಳಿದ್ದೇವೆ, ಬರುವ ಸೋಮವಾರ ತೋರಿಸ್ತೀವಿ ಅಂದಿದ್ದಾರೆ. ಟೇಪು ಮಾಮಾನ ಹತ್ತಿರ ಇದೆ.