ಎರೆಹುಳುವೋ, ಕುರುಡು ಹಾವೋ: ಗುರುತಿಸುವುದು ಹೇಗೆ?

ಹೂಕುಂಡದ ಮಣ್ಣು ಬದಲಿಸುವಾಗಲೋ, ಜೋರು ಮಳೆ ಸುರಿದ ಮರುದಿನವೋ ಕಪ್ಪು ದಾರದಂತಹ ಜೀವಿಯೊಂದು ಹೊರಬಂದರೆ, ಅದು ಎರೆಹುಳುವೆಂದು ತೀರ್ಮಾನಿಸುವ ಮೊದಲು ಒಂದು ಕ್ಷಣ ಬಗ್ಗಿ ನೋಡಿ.

ಮೊದಲು ಗಮನಿಸಬೇಕಾದದ್ದು ಮೈಯನ್ನು. ಎರೆಹುಳುವಿನ ತೇವದ ಮೈ ಉಂಗುರ ಉಂಗುರವಾಗಿದ್ದು ತೆವಳುವಾಗ ಹಿಗ್ಗಿ ಕುಗ್ಗುತ್ತದೆ. ಕುರುಡು ಹಾವಿನ ಒಣ ಮೈಯಾದರೋ ಎಣ್ಣೆ ಸವರಿದಂತೆ ಹೊಳೆಯುತ್ತ, ಉದ್ದ ಬದಲಾಗದೆ ಅತ್ತಿತ್ತ ಬಳುಕುತ್ತದೆ. ಬಣ್ಣವನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಪೊರೆ ಬಿಡುವ ಮುನ್ನ ಇದು ನೀಲಿಬೂದಿಗೆ ತಿರುಗುತ್ತದೆ. ಭೂತಗನ್ನಡಿಯಿದ್ದರೆ ಸಂಶಯವೇ ಉಳಿಯದು: ಮೈಸುತ್ತ ಒಂದೇ ಅಳತೆಯ ಹುರುಪೆಗಳ 20 ಸಾಲುಗಳು ಕಾಣುತ್ತವೆ, ಬೇರೆ ಹಾವುಗಳ ಹೊಟ್ಟೆಯಡಿ ಇರುವ ಅಗಲ ಪಟ್ಟಿಗಳು ಇಲ್ಲಿಲ್ಲ.

ಬಳಿಕ ತಲೆಯನ್ನು ಹುಡುಕಿ. ಎರಡು ತುದಿಯೂ ಮೊಂಡಾಗಿರುವುದರಿಂದ ಇದು ತುಸು ಕಷ್ಟದ ಕೆಲಸವೇ, ಆದರೆ ನಾಲಿಗೆ ಚಾಚುವ ತುದಿಯೇ ತಲೆ. ಅಲ್ಲಿ ಹುರುಪೆಯಡಿ ಕಾಣುವ ಎರಡು ಕಪ್ಪು ಚುಕ್ಕೆಗಳೇ ಕಣ್ಣು. ಬೆಳಕು ಕತ್ತಲೆಗಳ ಅರಿವಿಗಷ್ಟೇ ಅವು ಸಾಕು. ಇನ್ನೊಂದು ತುದಿಯ ಪುಟ್ಟ ಮುಳ್ಳನ್ನು ಮಣ್ಣಿಗೆ ಊರಿ ಅದು ಮುಂದಕ್ಕೆ ನುಗ್ಗುತ್ತದೆ. ಹಿಡಿದರೆ ಅದೇ ಮುಳ್ಳಿನಿಂದ ಚುಚ್ಚಲು ನೋಡುತ್ತದೆ, ದುರ್ವಾಸನೆಯ ದ್ರವವನ್ನೂ ಸೂಸುತ್ತದೆ. ಇದಕ್ಕೆ ವಿಷವಿಲ್ಲ.

ಗುರುತು ಸಿಕ್ಕಿತೆಂದಾದರೆ ಕಾಗದದ ಮೇಲೆ ಹತ್ತಿಸಿಕೊಂಡು, ಬಿಸಿಲು ತಾಗದಂತೆ, ಸಡಿಲವಾದ ಹಸಿ ಮಣ್ಣಿನ ಮೇಲೆ ಬಿಡಿ, ನೋಡುತ್ತಿದ್ದಂತೆ ಒಳಗಿಳಿದುಬಿಡುತ್ತದೆ. ಇರುವೆ ಗೆದ್ದಲುಗಳ ಮೊಟ್ಟೆ, ಮರಿಹುಳುಗಳೇ ಅದರ ಆಹಾರ. ದೊಡ್ಡ ಗೆದ್ದಲು ಸಿಕ್ಕಾಗ ಕೆಲವೊಮ್ಮೆ ತಲೆಯನ್ನು ನೆಲಕ್ಕೆ ಉಜ್ಜಿ ಮುರಿದು, ಮಿಕ್ಕದ್ದನ್ನು ಮಾತ್ರ ನುಂಗುವುದುಂಟು. ನುಂಗಿದರೂ ಆ ತಲೆ ಅರಗುವುದಿಲ್ಲ.

ಕುಂಡಗಳನ್ನು ದೂರದೂರಿಗೆ ಸಾಗಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. 1803ರಲ್ಲಿ ಫ್ರೆಂಚ್ ಜೀವಿವಿಜ್ಞಾನಿ ದೋದ್ಯಾ ವಿವರಿಸಿದ ಈ ಪ್ರಭೇದದಲ್ಲಿ ಈವರೆಗೆ ಕಂಡಿರುವುದೆಲ್ಲ ಹೆಣ್ಣುಗಳೇ. ಪ್ರತಿ ವರ್ಣತಂತುವಿನ ಮೂರು ಪ್ರತಿಗಳಿರುವ ಇವು ಗಂಡಿನ ನೆರವಿಲ್ಲದೆ ತಮ್ಮದೇ ಪಡಿಯಚ್ಚಿನಂತಹ ಹೆಣ್ಣುಮರಿಗಳನ್ನು ಪಡೆಯುತ್ತವೆ. ಒಂದೇ ಒಂದು ಹಾವಿನಿಂದ ಹೊಸ ನೆಲೆ ಹುಟ್ಟಬಲ್ಲದು. ಖಂಡದಿಂದ ಖಂಡಕ್ಕೆ ಇದು ಹಬ್ಬಿದ್ದು ಗಿಡಗಳ ಬೇರಿನ ಮಣ್ಣಿನ ಜೊತೆಗೇ. ಆದ್ದರಿಂದ ಸಾಗಿಸುವ ಮೊದಲು ಬೇರಿನ ಸುತ್ತಲ ಮಣ್ಣಿನ ಹೆಂಟೆಯನ್ನು ಬಿಡಿಸಿ, ಹಾವಿನ ಜೊತೆಗೆ ಅದರ ಉದ್ದನೆಯ ಪುಟ್ಟ ಮೊಟ್ಟೆಗಳಿಗಾಗಿಯೂ ಹುಡುಕಿ.