ನಿಮ್ಮ ಕೌಂಟಿ ಯಾವುದು, ಮೊದಲು ತಿಳಿದುಕೊಳ್ಳಿ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಊರಿನ ಹೆಸರು, ಜಿಪ್ ಕೋಡ್ ಎಲ್ಲರಿಗೂ ಬೇಗ ಬಾಯಿಗೆ ಬರುತ್ತದೆ. ಕೌಂಟಿ, ಅಂದರೆ ರಾಜ್ಯದೊಳಗಿನ ಆಡಳಿತ ವಿಭಾಗ, ಯಾವುದು ಅಂದರೆ ಮಾತ್ರ ತಡವರಿಸುತ್ತಾರೆ. ಆದರೆ ಮದುವೆ ಲೈಸೆನ್ಸು, ಮನೆ ಪತ್ರದ ನೋಂದಣಿ, ಆಸ್ತಿ ತೆರಿಗೆ ಇವೆಲ್ಲ ಬಹಳಷ್ಟು ರಾಜ್ಯಗಳಲ್ಲಿ ಕೌಂಟಿ ಕಚೇರಿಯ ಕೆಲಸ. ಟೊರ್ನಾಡೊ ಬರುವ ಸೂಚನೆ ಇದ್ದರೆ ಟಿವಿಯಲ್ಲಿ ಓಡುವುದೂ ಕೌಂಟಿಗಳ ಹೆಸರೇ. ನಿಮ್ಮದು ಗೊತ್ತಿಲ್ಲದಿದ್ದರೆ ಆ ಎಚ್ಚರಿಕೆ ಯಾರಿಗೆ ಅಂತ ಹೇಗೆ ತಿಳಿಯಬೇಕು?

ಈ ಪದದ ಬೇರು ಲ್ಯಾಟಿನ್ನಿನ ‘ಕೋಮೆಸ್’. ಜೊತೆಗಾರ ಅಂತ ಅರ್ಥ. ರೋಮನ್ ಚಕ್ರವರ್ತಿಯ ಜೊತೆಗಿದ್ದ ಅಧಿಕಾರಿಗಳಿಗೆ ಅದೇ ಬಿರುದಾಯಿತು. ಫ್ರೆಂಚಿಗೆ ಬರುವಾಗ ಅದು ‘ಕೌಂಟ್’ ಎಂಬ ಪದವಿ, ಅವನ ಸೀಮೆಯೇ ಕೌಂಟಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಪದ ಅಲ್ಲಿಗೂ ಹೋಯಿತು. ಅಲ್ಲಿ ಅಷ್ಟರಲ್ಲಾಗಲೇ ‘ಶೈರ್’ ಎಂಬ ಅಂಥದೇ ವಿಭಾಗಗಳಿದ್ದವು. ಶೈರ್ ನೋಡಿಕೊಳ್ಳುತ್ತಿದ್ದವನು ‘ರೀವ್’. ಶೈರ್-ರೀವ್ ಜನರ ಬಾಯಲ್ಲಿ ಸವೆದು ಶೆರಿಫ್ ಆಯಿತು, ಇಂದು ಅಮೆರಿಕದಲ್ಲಿ ಕೌಂಟಿಯ ಕಾನೂನು ಪಾಲನೆ ನೋಡಿಕೊಳ್ಳುವ ಅಧಿಕಾರಿಯ ಹೆಸರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಈ ಪದ್ಧತಿ ಅಮೆರಿಕಕ್ಕೂ ಬಂತು: 1634ರಲ್ಲಿ ಇಂಗ್ಲಿಷರ ವರ್ಜೀನಿಯಾ ವಸಾಹತನ್ನು ಎಂಟು ಶೈರ್‌ಗಳಾಗಿ ಹಂಚಿದರು. ಕೌಂಟ್‌ಗಳು ಇಲ್ಲಿಗೆ ಬರಲಿಲ್ಲ, ಶೆರಿಫ್ ಉಳಿದುಕೊಂಡ. ಹೆಚ್ಚಿನ ಕಡೆ ಅವನನ್ನು ಜನರೇ ಓಟು ಹಾಕಿ ಆರಿಸುತ್ತಾರೆ.

ಹಾಗಾಗಿ ಕೌಂಟಿಯನ್ನು ನಮ್ಮ ಜಿಲ್ಲೆ ಅಂತಲೇ ಅಂದುಕೊಳ್ಳಬೇಡಿ. ಸರ್ಕಾರ ಕಳಿಸುವ ಜಿಲ್ಲಾಧಿಕಾರಿ ಇಲ್ಲಿಲ್ಲ. ಸಂಖ್ಯೆಯೂ ಎಲ್ಲ ರಾಜ್ಯಗಳಲ್ಲಿ ಒಂದೇ ಥರ ಇಲ್ಲ: ಟೆಕ್ಸಾಸ್‌ನಲ್ಲಿ 254 ಕೌಂಟಿ, ಡೆಲವೇರ್‌ನಲ್ಲಿ ಮೂರೇ. ಲೂಯಿಸಿಯಾನದಲ್ಲಿ ಇದಕ್ಕೆ ‘ಪ್ಯಾರಿಷ್’ ಅನ್ನುತ್ತಾರೆ. ಫ್ರೆಂಚರು, ಸ್ಪೇನಿನವರು ಆಳುತ್ತಿದ್ದಾಗಿನ ಚರ್ಚಿನ ವಿಭಾಗಗಳಿಂದ ಬಂದ ಹೆಸರದು. ಅಲಾಸ್ಕದಲ್ಲಿ ‘ಬರೋ’. ಕನೆಕ್ಟಿಕಟ್ 1960ರಲ್ಲೇ ಕೌಂಟಿ ಸರ್ಕಾರ ತೆಗೆದುಹಾಕಿತು. ಅಲ್ಲಿಗೆ ಹೋದವರು ಟೌನ್ ಕಚೇರಿಗೇ ಹೋಗಬೇಕು.

ಮನೆ ಹುಡುಕುವವರು ಒಂದು ವಿಷಯ ಗಮನಿಸಿ. ಅಂಚೆ ವಿಳಾಸದಲ್ಲಿ ನಗರದ ಹೆಸರಿದ್ದ ಮಾತ್ರಕ್ಕೆ ಮನೆ ಆ ನಗರದ ಗಡಿಯೊಳಗೆ ಇದೆ ಅಂತಲ್ಲ. ಯಾವ ನಗರಕ್ಕೂ ಸೇರದ ಜಾಗವಾದರೆ ತುರ್ತು ಕರೆಗೆ ಬರುವುದು ಸಾಮಾನ್ಯವಾಗಿ ಶೆರಿಫ್ ಕಚೇರಿಯವರು. ಕಟ್ಟಡದ ಪರವಾನಗಿಗೂ ಹೆಚ್ಚಾಗಿ ಕೌಂಟಿಯನ್ನೇ ಕೇಳಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಕೌಂಟಿಯ ಆಸ್ತಿ ದಾಖಲೆ ಪುಟದಲ್ಲಿ ಆ ವಿಳಾಸ ಹಾಕಿ ನೋಡಿ.